ಎತ್ತಿನ ಹೊಟ್ಟೆಯಲ್ಲಿದ್ದ ನೊರೆ

ದನದ ದವಾಖಾನೆಯ ಕಂಪೌಂಡರನ ಕೆಲಸವೆಂದರೆ ಪುಡಿ ಅರೆಯುವುದು, ಮುಲಾಮು ಕಲಸುವುದು, ಡಾಕ್ಟರು ಸೂಜಿ ಚುಚ್ಚುವಾಗ ಕೋಡು ಹಿಡಿದು ನಿಲ್ಲುವುದು ಎಂದು ಹೊಸದಾಗಿ ಸೇರುವ ಹುಡುಗರು ತಿಳಿದಿರುತ್ತಾರೆ. ಸುಳ್ಳಲ್ಲ. ಆದರೆ ನನ್ನ ನೌಕರಿಯ ಬಹುಭಾಗ ಕಳೆದದ್ದು ಕೈಯಲ್ಲಿ ಹಿಡಿದ ವಸ್ತು ಏನೆಂದು ತಿಳಿಯದೆ ಪೇಚಾಡುವುದರಲ್ಲಿ. ಬಡ್ತಿಯ ಮಾತು ಬಿಡಿ, ಎಲ್ಲರಿಗೂ ಆದಂತೆ ನನಗೂ ಆಯಿತು. ನೀವು ಕೇಳಬೇಕಾದದ್ದು ಪೇಚಾಟದ ಕತೆ. ಅದು ನಿಮಗೂ ತಪ್ಪಿದ್ದಲ್ಲ.

ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು. ಕಂಪೌಂಡರನ ತರಬೇತಿಯೂ ಉರ್ದುವಿನಲ್ಲೇ. ಅಲ್ಲಿ ಮೊದಲ ದಿನವೇ ಉಸ್ತಾದರು ಮೂರು ಶಬ್ದ ಬಾಯಿಪಾಠ ಮಾಡಿಸಿದರು: ಠೋಸ್, ಮಾಯೆ, ಗ್ಯಾಸ್. ಗಟ್ಟಿ, ದ್ರವ, ಅನಿಲ. "ದುನಿಯಾದಾಗ ಏನೇ ಇರಲಿ, ಈ ಮೂರರಾಗ ಒಂದು ಆಗಿರ್‍ತೈತಿ. ನಾಲ್ಕನೇದು ಇಲ್ಲ" ಎಂದರು. ನಾನು ಧೈರ್ಯ ಮಾಡಿ, "ಮೊಸರು ಯಾವುದ್ರಿ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಉಸ್ತಾದರೂ ನಕ್ಕು ಮುಂದಿನ ಪಾಠಕ್ಕೆ ಹೋದರು. ಉತ್ತರ ಸಿಗಲಿಲ್ಲ. ನಗುವಂಥದ್ದು ಏನಿತ್ತು ಎಂದು ಬಹಳ ದಿನ ಯೋಚಿಸಿದೆ.

ನನ್ನ ಮೊದಲ ನೌಕರಿ ಯಲಬುರ್ಗಾದಲ್ಲಿ. ಎರಡು ಕೋಣೆಯ ದವಾಖಾನೆ, ಮುಂದೆ ಬೇವಿನ ಮರ, ಅದರ ಕೆಳಗೆ ದನ ನಿಲ್ಲಿಸಲು ಮರದ ಚೌಕಟ್ಟು. ನನ್ನ ಮೇಲಿನವರು ಡಾಕ್ಟರ್ ಕರೀಮುದ್ದೀನ್ ಸಾಹೇಬರು. ಎತ್ತರದ ಆಳು, ಮೆಲುಮಾತಿನವರು. ಹೊಲಸು ಹತ್ತಿದ ದನವನ್ನೂ ಬರಿಗೈಯಿಂದ ಸವರಿ ಮಾತಾಡಿಸುತ್ತಿದ್ದರು. ಎಲ್ಲದರಲ್ಲೂ ಶಿಸ್ತು. ಔಷಧಿ ಕಪಾಟನ್ನು ಅವರೇ ಮೂರು ಖಾನೆ ಮಾಡಿದ್ದರು: ಮೇಲೆ ಗಟ್ಟಿ, ನಡುವೆ ದ್ರವ, ಕೆಳಗೆ ಅನಿಲ. ಕೆಳಗಿನ ಖಾನೆಯಲ್ಲಿ ಮೂಗಿಗೆ ಹಿಡಿಯುವ ನವಸಾಗರದ ಶೀಶೆ ಬಿಟ್ಟರೆ ಇದ್ದದ್ದು ಸಾಹೇಬರ ಛತ್ರಿ.

ತಕರಾರು ತೆಗೆದದ್ದು ಗಂಧಕದ ಮುಲಾಮು. ಚಳಿಗಾಲದಲ್ಲಿ ಅದನ್ನು ಮೇಲಿನ ಖಾನೆಯಲ್ಲಿಟ್ಟೆ. ಬೇಸಿಗೆ ಬಂತು, ಯಲಬುರ್ಗಾದ ಬೇಸಿಗೆ. ಡಬ್ಬಿಯಿಂದ ಜಿನುಗಿ ಕೆಳಗಿನ ಶೀಶೆಗಳ ಮೇಲೆಲ್ಲ ಸುರಿಯಿತು. ನಡುವಿನ ಖಾನೆಗೆ ಇಳಿಸಿದೆ. ಸಾಹೇಬರು ನೋಡಿ, "ಮುಲಾಮು ಗಟ್ಟಿ ಅಲ್ಲೇನಪಾ, ಇಲ್ಲ್ಯಾಕ ಬಂತು?" ಎಂದರು. "ಹರಿಯಾಕ ಹತ್ತೈತ್ರಿ" ಎಂದೆ. ಅವರು ಬೆರಳಿನಿಂದ ಮುಟ್ಟಿ ನೋಡಿ, ಡಬ್ಬಿಯನ್ನು ಎತ್ತಿ ಕಿಟಕಿಯ ಮೇಲಿಟ್ಟರು. ಅದು ಅಲ್ಲೇ ಉಳಿಯಿತು. ಯಾವ ಖಾನೆಗೂ ಸೇರಲಿಲ್ಲ.

ಇನ್ನೊಮ್ಮೆ ಪಕ್ಕದ ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದು ಒಂದು ಎಮ್ಮೆಯ ಬೆನ್ನು ಸುಟ್ಟುಹೋಗಿತ್ತು. ಸುಟ್ಟ ಗಾಯಕ್ಕೆ ಆಗಿನ ಔಷಧಿಯೆಂದರೆ ಸುಣ್ಣದ ತಿಳಿನೀರು ಮತ್ತು ಅಗಸಿ ಎಣ್ಣೆ, ಸಮಸಮ. ತಿಳಿನೀರು ಕಣ್ಣಿಗೆ ಕಾಣದಷ್ಟು ತಿಳಿ. ಎಣ್ಣೆ ಹಳದಿ. ಎರಡನ್ನೂ ಶೀಶೆಗೆ ಹಾಕಿ ಕುಲುಕಿದೆ. ಕುಲುಕುತ್ತ ಕುಲುಕುತ್ತ ಅದು ಬೆಳ್ಳಗಾಯಿತು, ಕೆನೆಯಂತೆ ದಪ್ಪವಾಯಿತು. ಶೀಶೆ ಬಗ್ಗಿಸಿದರೆ ಸುರಿಯದು. ಎಮ್ಮೆಯ ಬೆನ್ನಿಗೆ ಹಚ್ಚುತ್ತ ನನ್ನ ತಲೆ ಅಲ್ಲೇ ಸಿಕ್ಕಿಕೊಂಡಿತ್ತು. ಎರಡೂ ಹರಿಯುವ ವಸ್ತುಗಳು, ಕೂಡಿದ್ದು ಹರಿಯದು ಏಕೆ? ಎರಡರಲ್ಲಿಯೂ ಬಿಳುಪಿಲ್ಲ, ಈ ಬಿಳುಪು ಎಲ್ಲಿಂದ ಬಂತು? ಸಾಹೇಬರನ್ನು ಕೇಳಿದೆ. "ಎಮ್ಮಿಗೆ ಆರಾಮ ಆಗತೈತಿ. ಅಷ್ಟು ಸಾಕಲ್ಲ?" ಎಂದರು. ಎಮ್ಮೆಗೆ ಆರಾಮವಾಯಿತು, ನನಗಾಗಲಿಲ್ಲ.

ಈ ಸಣ್ಣ ಪೇಚಾಟಗಳಿಂದ ಯಾರಿಗೂ ಕೇಡಾಗಲಿಲ್ಲ. ಕೇಡಾದದ್ದು ಒಂದೇ ಸಲ.

ದನಕ್ಕೆ ಹೊಟ್ಟೆ ಉಬ್ಬರಿಸುವುದನ್ನು ನೀವು ನೋಡಿಯೇ ನೋಡುತ್ತೀರಿ. ಹಸಿ ಮೇವು ಹೊಟ್ಟೆಯಲ್ಲಿ ಹುಳಿತು ಗಾಳಿ ತುಂಬುತ್ತದೆ, ಎಡಗಡೆಯ ಪಕ್ಕೆಯ ಗುಳಿ ಏಳುತ್ತದೆ, ದನ ಉಸಿರಾಡಲಾರದೆ ಬೀಳುತ್ತದೆ. ಅದಕ್ಕೆ ಸಾಹೇಬರ ಬಳಿ ಒಂದು ಆಯುಧವಿತ್ತು. ನಳಿಗೆ, ನಳಿಗೆಯೊಳಗೆ ಚೂಪಾದ ಸಲಾಕೆ. ಟ್ರೋಕಾರ್ ಎನ್ನುತ್ತಿದ್ದರು. ಉಬ್ಬಿದ ಜಾಗಕ್ಕೆ ಚುಚ್ಚಿ ಸಲಾಕೆಯನ್ನಷ್ಟೇ ಎಳೆದರೆ ನಳಿಗೆಯಿಂದ ಗಾಳಿ ಸುಯ್ಯೆಂದು ಹೊರಬರುತ್ತದೆ. ಸತ್ತೇಹೋಯಿತು ಎಂದುಕೊಂಡ ಆಕಳು ನೋಡನೋಡುತ್ತ ಎದ್ದು ನಿಲ್ಲುತ್ತದೆ. ಸಾಹೇಬರಿಗೆ ತಾಲೂಕಿನಲ್ಲಿ ಹೆಸರು ಬಂದದ್ದೇ ಆ ನಳಿಗೆಯಿಂದ. ಎಣ್ಣೆ ಮತ್ತು ಟರ್ಪೆಂಟೈನ್ ಕುಡಿಸುವ ಇನ್ನೊಂದು ಪದ್ಧತಿಯೂ ಪುಸ್ತಕದಲ್ಲಿತ್ತು. ಆದರೆ ಅದು ನಿಧಾನದ ಔಷಧಿ, ಜೀವ ಹೋಗುವ ಹೊತ್ತಿನಲ್ಲಿ ನಳಿಗೆಯೇ ಸರಿ ಎಂದು ನಮಗೆ ಕಲಿಸಿದ್ದರು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚೆ, ಒಂದು ಮಳೆಗಾಲದ ಬೆಳಿಗ್ಗೆ, ಸೋಮಪ್ಪ ಎಂಬ ಗಾಡಿಯವನು ಓಡುತ್ತ ದವಾಖಾನೆಗೆ ಬಂದ. ಕೊಪ್ಪಳದ ಮಗ್ಗುಲಿನ ಭಾಗ್ಯನಗರದವನು. ಅವನೂ ಅವನ ಹೆಂಡತಿ ಹನುಮವ್ವನೂ ನೇಕಾರರ ಸೀರೆಯ ಗಂಟುಗಳನ್ನು ಗಾಡಿಯಲ್ಲಿ ಯಲಬುರ್ಗಾದ ಸಂತೆಗೆ ತಂದು, ಹತ್ತಿ ಹೇರಿಕೊಂಡು ಹೋಗುತ್ತಿದ್ದರು. ಊರ ಹೊರಗೆ ಗಾಡಿ ಬಿಟ್ಟಾಗ ಎತ್ತುಗಳೆರಡೂ ಕಣ್ಣಿ ಹರಿದುಕೊಂಡು ಹಸಿ ಹೆಸರಿನ ಹೊಲಕ್ಕೆ ಬಿದ್ದು, ಮಳೆ ನೀರು ಜಿನುಗುವ ಎಳೆ ಸೊಪ್ಪನ್ನು ಹೊಟ್ಟೆ ತುಂಬ ಮೇಯ್ದಿದ್ದವು.

"ಒಂದು ಬಿದ್ದೈತ್ರಿ ಸಾಹೇಬ್ರ. ನಗಾರಿ ಆದಂಗ ಆಗೈತಿ ಹೊಟ್ಟಿ. ಲಗೂನ ಬರ್ರಿ."

ನಾನು ಚೀಲ ಎತ್ತಿಕೊಂಡೆ. ಚೀಲದಲ್ಲಿ ಎಲ್ಲವೂ ಇತ್ತು. ಟ್ರೋಕಾರ್, ಎಣ್ಣೆ, ಟರ್ಪೆಂಟೈನ್, ಔಷಧಿ ಕುಡಿಸುವ ಬಿದಿರಿನ ಗೊಟ್ಟ. ಹಸಿ ಎರೆಮಣ್ಣು ಕಾಲಿಗೆ ಮೆತ್ತಿ ಓಡಲಾಗದಿದ್ದರೂ ಓಡಿದೆವು. ಎತ್ತು ನಾಲಿಗೆ ಚಾಚಿ ಮಲಗಿತ್ತು. ಹನುಮವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇನ್ನೊಂದು ಎತ್ತು ಅಷ್ಟು ದೂರದಲ್ಲಿ ಗಾಲಿಗೆ ಕಟ್ಟಿಸಿಕೊಂಡು ನಿಂತಿತ್ತು.

ಸಾಹೇಬರು ಜಾಗ ಗುರುತಿಸಿ ಚುಚ್ಚಿದರು, ಸಲಾಕೆ ಎಳೆದರು. ಇನ್ನು ಸುಯ್ಯೆಂದು ಗಾಳಿ ಹೊರಬಿದ್ದು ನಾತ ಬರುತ್ತದೆಂದು ನಾನು ಮೊದಲೇ ಮುಖ ಆಚೆ ತಿರುಗಿಸಿದ್ದೆ. ಸದ್ದು ಬರಲಿಲ್ಲ. ತಿರುಗಿ ನೋಡಿದರೆ ನಳಿಗೆಯ ಬಾಯಲ್ಲಿ ಹಸಿರು ನೊರೆ ಒಂದು ಗುಳ್ಳೆಯಾಗಿ ಏಳುತ್ತಿತ್ತು. ನಿಧಾನವಾಗಿ ಎದ್ದು ಅಲ್ಲೇ ನಿಂತಿತು.

"ನಳಿಗಿ ಕಟ್ಟೇತಿ" ಎಂದರು ಸಾಹೇಬರು. ಸಲಾಕೆ ಆಡಿಸಿದರು. ಮತ್ತೆ ಸ್ವಲ್ಪ ನೊರೆ. ನಳಿಗೆ ಕಿತ್ತು ಬೇರೆ ಕಡೆ ಚುಚ್ಚಿದರು. ಅಲ್ಲಿಯೂ ಅದೇ. ಹೊಟ್ಟೆ ಮಾತ್ರ ಇಳಿಯಲಿಲ್ಲ. ಬೆರಳಿನಿಂದ ತಟ್ಟಿದರೆ ಗಾಳಿಯ ಸದ್ದೂ ಅಲ್ಲ, ನೀರಿನ ಸದ್ದೂ ಅಲ್ಲ.

"ಗಾಳಿ ಎಲ್ಲೈತ್ರಿ?" ಎಂದು ಕೇಳಿದಳು ಹನುಮವ್ವ.

ಸಾಹೇಬರ ತುಟಿ ಅಲುಗುತ್ತಿತ್ತು, ಪಾಠ ನೆನಪು ಮಾಡಿಕೊಳ್ಳುವ ಹುಡುಗನಂತೆ. ಉಬ್ಬಿದೆ, ಆದ್ದರಿಂದ ಗಾಳಿ. ಗಾಳಿಯಾದರೆ ಹೊರಬರಬೇಕು. ಬರುತ್ತಿಲ್ಲ. ನೀರಾದರೆ ಹರಿಯಬೇಕು. ಹರಿಯುತ್ತಿಲ್ಲ. ಅಷ್ಟರಲ್ಲಿ ಎತ್ತು ಕಾಲು ನೀಡಿ ಒಮ್ಮೆ ನಡುಗಿತು. ಹೋಯಿತು.

ಸೋಮಪ್ಪ ನೆಲಕ್ಕೆ ಕೂತುಬಿಟ್ಟ. ಆಗ ಹನುಮವ್ವ ತಲೆ ಎತ್ತಿ ಗಾಡಿಯ ಕಡೆ ನೋಡಿ, "ಅದೂ ಉಬ್ಬಾಕ ಹತ್ತೈತಿ" ಎಂದಳು.

ನಿಜ. ಎರಡನೆಯ ಎತ್ತಿನ ಎಡಪಕ್ಕೆ ಏಳತೊಡಗಿತ್ತು. ಅದು ಮತ್ತೆ ಮತ್ತೆ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಸಾಹೇಬರು ಟ್ರೋಕಾರ್ ಹಿಡಿದು ಹೋದವರು ಅದರ ಮುಂದೆ ನಿಂತರು, ಚುಚ್ಚಲಿಲ್ಲ. ತಿರುಗಿ ಬಂದು ಗಂಡಹೆಂಡತಿಯ ಮುಂದೆ ನಿಂತು ಬಹಳ ಮೆಲ್ಲಗೆ ಹೇಳಿದರು, "ಒಳಗ ಏನೈತಿ ನನಗ ತಿಳೀವಲ್ದು. ಸತ್ತಿದ್ದನ್ನ ಕೊಯ್ದು ನೋಡಬೇಕು. ನೀವು ಹೂಂ ಅಂದ್ರ ಅಷ್ಟ."

ಅದು ಸಣ್ಣ ಮಾತಲ್ಲ. ಮನೆಯ ಮಗನಂತೆ ಸಾಕಿದ ಎತ್ತು, ಜೀವ ಹೋಗಿ ಮೈ ಇನ್ನೂ ಆರಿಲ್ಲ. ಕೊಯ್ಯುವವರು ಮುಸಲ್ಮಾನರು. ಹೊಲದ ಬದುವಿನ ಮೇಲೆ ಆಗಲೇ ಐದಾರು ಜನ ಸೇರಿದ್ದರು. ಸೋಮಪ್ಪ ಎದ್ದು ನಿಂತು, "ಬ್ಯಾಡ್ರಿ. ಮಣ್ಣು ಮಾಡತೀವಿ, ಕೊಯ್ಯಾಕ ಕೊಡಂಗಿಲ್ಲ" ಎಂದ. ಬದುವಿನ ಮೇಲಿನವರೂ ಗುಜುಗುಜು ಮಾಡಿದರು.

ಹನುಮವ್ವ ಗಂಡನನ್ನು ನೋಡಲಿಲ್ಲ. ಸಾಹೇಬರನ್ನೇ ನೋಡುತ್ತ ಕೇಳಿದಳು, "ಇದರ ಹೊಟ್ಯಾಗ ಏನೈತಿ ಅಂತ ತಿಳಿದ್ರ ಅದು ಉಳೀತೈತೇನ್ರಿ?"

"ಗೊತ್ತಿಲ್ಲವ್ವ."

ಅವಳು ಎತ್ತಿನ ತಲೆಯನ್ನು ತೊಡೆಯಿಂದ ಇಳಿಸಿ, ಅದರ ಕಣ್ಣಿನ ಮೇಲೆ ಸೆರಗಿನ ತುದಿ ಎಳೆದು, "ಕೊಯ್ರಿ" ಎಂದಳು. ಸೋಮಪ್ಪ ಆಚೆ ಮುಖ ಮಾಡಿ ನಿಂತ. ಬದುವಿನ ಮೇಲಿನವರು ಅಡ್ಡ ಬರಲಿಲ್ಲ, ಸಾಹೇಬರು ಹೊಟ್ಟೆ ಕೊಯ್ದರು.

ಒಳಗೆ ಗಾಳಿಯಿರಲಿಲ್ಲ, ನೀರು ನಿಂತಿರಲಿಲ್ಲ. ಇಡೀ ಹೊಟ್ಟೆ ತುಂಬ ಹಸಿರು ನೊರೆ, ನಾದಿದ ಹಿಟ್ಟಿನ ಹಾಗೆ. ಸಾಹೇಬರು ಎರಡೂ ಕೈಯಿಂದ ಒಂದು ಬೊಗಸೆ ಎತ್ತಿದರು. ಅದು ಬೆರಳ ಸಂದಿಯಿಂದ ಜಾರಲಿಲ್ಲ, ಗುಪ್ಪೆಯಾಗಿ ನಿಂತಿತು. "ಈರಣ್ಣಾ, ಇದು ಠೋಸ್ ಏನಪಾ?" ಎಂದರು. ನಾನು ಮುಟ್ಟಿದೆ. ಬೆರಳು ಒಳಗೆ ಹೋಯಿತು, ಒಳಗೆ ಏನೂ ಇಲ್ಲದಂತೆ. ನೋಡುತ್ತಿದ್ದಂತೆ ಸಾಹೇಬರ ಬೊಗಸೆಯಲ್ಲಿ ಗುಪ್ಪೆ ಕುಸಿಯುತ್ತ ಬಂತು. ಕಡೆಗೆ ಉಳಿದದ್ದು ಅಂಗೈಯ ಗೆರೆಗಳಲ್ಲಿ ನಿಂತ ನಾಲ್ಕು ಹನಿ ಹಸಿರು ನೀರು. ಆ ನಾಲ್ಕು ಹನಿ ಅಷ್ಟು ದೊಡ್ಡ ಎತ್ತನ್ನು ಕೊಂದಿತ್ತು.

"ಬಿಡಾಕ ಗಾಳಿನ ಇಲ್ಲ. ಹಂಗಾರ ತೂತು ಹಾಕಿ ಏನು ಮಾಡೋದು" ಎಂದು ಸಾಹೇಬರು ತಮಗೆ ತಾವೇ ಹೇಳಿಕೊಂಡರು. ಆಮೇಲೆ, "ಎಣ್ಣಿ ತಗಿ. ಇನ್ನ ಉಳಿದದ್ದು ಅದೊಂದ" ಎಂದರು. ಎರಡನೆಯ ಎತ್ತಿಗೆ ಗೊಟ್ಟದಿಂದ ಎಣ್ಣೆ, ಟರ್ಪೆಂಟೈನ್ ಕುಡಿಸಿದೆವು. ನಾನು ದವಡೆ ಹಿಡಿದೆ, ಹನುಮವ್ವ ಗದ್ದ ಎತ್ತಿದಳು. ಸೋಮಪ್ಪನೂ ಬಂದು ಹೊಟ್ಟೆ ತಿಕ್ಕಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎತ್ತು ಕತ್ತು ಚಾಚಿ ಒಂದು ಉದ್ದನೆಯ ತೇಗು ತೆಗೆಯಿತು. ಮೇಲಿಂದ ಮೇಲೆ ತೇಗಿತು. ಇಷ್ಟು ಹೊತ್ತು ಇಲ್ಲದ ಗಾಳಿ ಈಗ ಎಲ್ಲಿಂದ ಬಂತು ಎಂದು ನಾನು ಬಾಯಿ ತೆರೆದು ನೋಡಿದೆ. ಹೊಟ್ಟೆ ಇಳಿಯಿತು.

ಸಾಹೇಬರು ಮಳೆ ನೀರು ಹರಿಯುತ್ತಿದ್ದ ಒಂದು ಸಣ್ಣ ಕಾಲುವೆಯಲ್ಲಿ ಕೈ ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದರು. ನನ್ನ ಹಿಂದೆ ನೀರು ಕೊಡಲು ಬಂದ ಹನುಮವ್ವನೂ ನೋಡಿದಳು. ಇಬ್ಬರೂ ಸದ್ದಾಗದಂತೆ ತಿರುಗಿ ಬಂದೆವು.

ಈ ಸುದ್ದಿ ಮೇಲಿನವರೆಗೂ ಹೋಯಿತು. ಒಬ್ಬ ದೊಡ್ಡ ಅಧಿಕಾರಿ ಬಂದು ವಿಚಾರಿಸಿದರು. ಎಲ್ಲ ಕೇಳಿ ಅವರು ಕೊಟ್ಟ ತೀರ್ಪು ಇಷ್ಟು: ನೊರೆ ಎಂಬುದು ಬೇರೆ ವಸ್ತುವೇನಲ್ಲ. ಎತ್ತು ಸತ್ತ ಮೇಲೆ ಒಳಗೆ ಕೊಳೆತು ನೊರೆ ಎದ್ದಿದೆ, ಅದು ಕಾರಣವಲ್ಲ, ಪರಿಣಾಮ. ಮೊದಲನೆಯದು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ. ಎರಡನೆಯದು ಕಡಿಮೆ ತಿಂದಿತ್ತು, ತಾನಾಗಿಯೇ ಉಳಿಯಿತು, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಎತ್ತು ಸಾಯುವ ಮೊದಲೇ ನಳಿಗೆಯಲ್ಲಿ ನೊರೆ ಬಂತಲ್ಲ ಎಂದು ಕೇಳಬೇಕೆನಿಸಿತು. ಆದರೆ ಸಾಹೇಬರ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಸಮಾಧಾನ ಕಂಡೆ. ಕೇಳಲಿಲ್ಲ. ಅಧಿಕಾರಿ ಹೇಳಿದ್ದೇ ಸರಿ ಇದ್ದೀತು ಎನ್ನಿಸಿತು. ಇರಲಿಕ್ಕಿಲ್ಲ ಎಂದೂ ಎನ್ನಿಸಿತು.

ಆ ಸಮಾಧಾನ ಪೂರ್ತಿ ನಿಲ್ಲಲಿಲ್ಲ. ಆಗೀಗ, ಬೇರೇನೋ ಮಾತಿನ ನಡುವೆ, ಸಾಹೇಬರು ಕೇಳುತ್ತಿದ್ದರು: "ಎರಡನೇ ಎತ್ತು ತಾನ ಉಳೀತು, ಹೌದಲ್ಲ ಈರಣ್ಣಾ?" "ಹೌದ್ರಿ, ಅಧಿಕಾರಿಗಳು ಹೇಳಿದ್ರಲ್ಲ" ಎನ್ನುತ್ತಿದ್ದೆ. ಕೆಲವು ವರ್ಷಕ್ಕೆ ಅವರು ಕೊಪ್ಪಳಕ್ಕೆ ಹೋದರು. ನನ್ನನ್ನು ಕುಷ್ಟಗಿಗೆ ಹಾಕಿ, ಆಮೇಲೆ ಗಂಗಾವತಿಗೆ ಕಳಿಸಿದರು.

ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಕಲಸಿ ಅರೆದು ಮಾಡುತ್ತಿದ್ದ ಮುಲಾಮು ಕೊಳವೆಯಲ್ಲಿ ಸಿದ್ಧವಾಗಿ ಬರತೊಡಗಿತು. ಗಾಯಕ್ಕೆ ಉದುರಿಸುವ ಹೊಸ ಬಿಳಿ ಪುಡಿ ಬಂದು ಕೀವಿನ ಕಾಲ ಮುಗಿಯಿತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಆಗಷ್ಟೇ ಎದ್ದಿತ್ತು. ಕಲ್ಲು ಹೇರುವ ಎತ್ತುಗಳನ್ನು ನೋಡಲು ನಾನು ಅಲ್ಲಿನ ಬಿಡಾರಕ್ಕೆ ಹೋಗುತ್ತಿದ್ದೆ. ಅಲ್ಲಿ ಮಣ್ಣು ಪರೀಕ್ಷೆ ಮಾಡುವ ಮೈಸೂರು ಕಡೆಯ ಒಬ್ಬ ಕೆಮಿಸ್ಟ್ ಇದ್ದರು, ನಂಜುಂಡಯ್ಯ ಎಂದು. ಅವರ ಮೇಜಿನ ಮೇಲೆ ಶೀಶೆಯೊಂದರಲ್ಲಿ ಎರೆಮಣ್ಣಿನ ರಾಡಿ ಇತ್ತು. ಬುಡಮೇಲು ಮಾಡಿದರೂ ಅಲುಗದೆ ನಿಲ್ಲುತ್ತಿತ್ತು. ಒಮ್ಮೆ ಕುಲುಕಿದರೆ ನೀರಿನಂತೆ ಹರಿಯುತ್ತಿತ್ತು. ಬಿಟ್ಟರೆ ಮತ್ತೆ ನಿಲ್ಲುತ್ತಿತ್ತು. ನಾನು ಅದನ್ನು ಕುಲುಕುತ್ತ, ನಿಲ್ಲಿಸುತ್ತ ಕೂತದ್ದನ್ನು ನೋಡಿ ಅವರು ನಕ್ಕರು.

"ಏನ್ ಈರಣ್ಣನವರೇ, ಗಟ್ಟಿಯೋ ನೀರೋ ಅಂತ ಯೋಚನೆಯೇ?"

ಎಷ್ಟೋ ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಅವರ ಮುಂದೆ ಸುರಿದೆ. ಮೊಸರು, ಮುಲಾಮು, ಸುಣ್ಣದ ನೀರು, ಎತ್ತು. ಅವರು ಶಾಂತವಾಗಿ ಕೇಳಿ ಹೇಳಿದರು, "ನಿಮ್ಮ ಮೇಷ್ಟ್ರು ಹೇಳಿದ ಮೂರು, ಒಂದೊಂದೇ ವಸ್ತುವಿಗೆ ಸರಿ. ನೀವು ಹೇಳ್ತಿರೋದೆಲ್ಲ ಎರಡು ವಸ್ತುಗಳ ಸಂಸಾರ. ಒಂದರೊಳಗೆ ಇನ್ನೊಂದು ಬಹಳ ಸಣ್ಣಸಣ್ಣದಾಗಿ ಹರಡಿಕೊಂಡಿರುತ್ತೆ. ಹಾಲು ಅಂದ್ರೆ ನೀರಲ್ಲಿ ಜಿಡ್ಡು. ಮಂಜು ಅಂದ್ರೆ ಗಾಳೀಲಿ ನೀರು. ನೊರೆ ಅಂದ್ರೆ ನೀರಲ್ಲಿ ಗಾಳಿ. ಕಲಾಯ್ಡು ಅಂತ ಇವುಗಳ ಜಾತಿ. ಯಾವ ಖಾನೇಲಿ ಇಡೋದು ಅಂತ ಕೇಳಬೇಡಿ, ಯಾವುದರೊಳಗೆ ಯಾವುದಿದೆ ಅಂತ ಕೇಳಿ."

"ಗಾಳಿ ನಿಲ್ಲಂಗಿಲ್ಲ, ನೀರು ನಿಲ್ಲಂಗಿಲ್ಲ. ಎರಡೂ ಕೂಡಿ ಗುಪ್ಪಿ ಹೆಂಗ ನಿಲ್ತಾವ್ರಿ?"

"ನೀರು ತೆಳ್ಳಗೆ ಗೋಡೆ ಆಗುತ್ತೆ. ಜೇನಿನ ಹುಟ್ಟಿನ ಹಾಗೆ ಒಂದು ಗೋಡೆಗೆ ಇನ್ನೊಂದು ಆನಿಸಿಕೊಂಡಿರುತ್ತೆ. ಸೊಪ್ಪಿನ ರಸ ಆ ಗೋಡೆ ಒಡೆಯದ ಹಾಗೆ ಹಿಡಿದಿರುತ್ತೆ. ಎಣ್ಣೆ ಬಿದ್ದರೆ ಗೋಡೆಯ ಮೇಲೆ ಹರಡಿ ಆ ಹಿಡಿತ ಬಿಡಿಸಿಬಿಡುತ್ತೆ."

"ಸಾಬೂನನ್ನೂ ಎಣ್ಣಿಯಿಂದನ ಮಾಡತಾರಲ್ರಿ. ಅದು ನೊರಿ ಎಬ್ಬಿಸ್ತೈತಿ, ಇದು ಕೊಲ್ತೈತಿ. ಅದ್ಹೆಂಗ?"

ಅದಕ್ಕೂ ಅವರು ವಿವರಣೆ ಕೊಟ್ಟರು. ಸಾಬೂನಿನ ಕಣಕ್ಕೆ ಒಂದು ತುದಿಯಲ್ಲಿ ನೀರಿನ ಆಸೆ, ಇನ್ನೊಂದು ತುದಿಯಲ್ಲಿ ಎಣ್ಣೆಯ ಆಸೆ ಎಂದರು. ಅರ್ಧ ತಿಳಿಯಿತು, ಅರ್ಧ ಇವತ್ತಿಗೂ ಇಲ್ಲ. ಮಾತಿನಿಂದ ನನಗಾಗುವುದಿಲ್ಲ ಎಂದು ಮರುದಿನ ಹಸಿ ಹೆಸರಿನ ಸೊಪ್ಪು ತಂದು ಅರೆದು, ಸೋಸಿ, ಗಾಜಿನ ಭರಣಿಯಲ್ಲಿ ಕುಲುಕಿದೆ. ಭರಣಿ ತುಂಬ ಅದೇ ಹಸಿರು ನೊರೆ. ಮೇಲಿಂದ ಎಣ್ಣೆ ಮತ್ತು ಟರ್ಪೆಂಟೈನ್ ಹಾಕಿದೆ. ಸಣ್ಣಗೆ ಚಿರಿಚಿರಿ ಸದ್ದು ಬಂತು. ನೊರೆ ನೋಡನೋಡುತ್ತ ಕುಸಿದು ನೀರಾಯಿತು, ಅದರಲ್ಲಿದ್ದ ಗಾಳಿ ಹೊರಗಾಯಿತು. ನಿಧಾನದ ಔಷಧಿಯೇ ಅಲ್ಲ ಅದು. ಎರಡನೆಯ ಎತ್ತು ಯಾಕೆ ತೇಗಿತು ಎಂದು ಅಂದು ತಿಳಿಯಿತು.

ಸಾಹೇಬರಿಗೆ ಹೇಳಲೇಬೇಕು ಎಂದು ಸಿಕ್ಕ ರಜೆಯಲ್ಲಿ ಕೊಪ್ಪಳಕ್ಕೆ ಹೊರಟೆ. ದಾರಿಯಲ್ಲಿ ಭಾಗ್ಯನಗರದಲ್ಲಿ ಇಳಿದು ಹನುಮವ್ವನ ಮನೆ ಹುಡುಕಿದೆ. ಅವಳು ಅಂಗಳದಲ್ಲಿ ನೂಲಿನ ಲಡಿ ಒಣಗಿಸುತ್ತಿದ್ದಳು. ಉಳಿದ ಎತ್ತು ಮುದಿಯಾಗಿ ಗೋದಲಿಯ ಮುಂದೆ ಮಲಗಿತ್ತು. ನನ್ನನ್ನು ಗುರುತಿಸಿ ಕೂರಿಸಿದಳು. ನಾನು ಉಮೇದಿನಿಂದ ಎಲ್ಲ ಹೇಳಿದೆ. ನೊರೆ ಎಂದರೆ ಏನು, ಎಣ್ಣೆ ಅದನ್ನು ಹೇಗೆ ಒಡೆಯುತ್ತದೆ, ಭರಣಿಯಲ್ಲಿ ಏನು ಕಂಡೆ, ಎಲ್ಲ.

ಅವಳು ಲಡಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು, "ಅಂದ್ರ ಮೊದಲನೇದಕ್ಕೂ ತೂತು ಹಾಕೋ ಬದಲಿ ಎಣ್ಣಿ ಕುಡಿಸಿದ್ರ ಬದುಕತಿತ್ತೇನ್ರಿ?"

ಆ ಪ್ರಶ್ನೆ ನನ್ನ ತಲೆಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. "ಬದುಕತಿತ್ತೇನೋ ಅವ್ವ" ಎಂದೆ.

ಅವಳು ಮುದಿ ಎತ್ತಿನ ಕಡೆ ನೋಡಿದಳು.

"ಸಾಹೇಬರ ಕಡೆ ಹೊಂಟೀರಿ?"

"ಹೌದು."

"ಅವರಿಗಿ ಹೇಳಬ್ಯಾಡ್ರಿ" ಎಂದಳು.

ಕೊಪ್ಪಳದಲ್ಲಿ ಸಾಹೇಬರು ನನ್ನನ್ನು ಅಪ್ಪಿಕೊಂಡರು, ಚಹಾ ತರಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಳೆಯ ಮಾತುಗಳೆಲ್ಲ ಬಂದವು. ಎದ್ದು ಹೊರಟಾಗ ಬಾಗಿಲವರೆಗೆ ಬಂದು, ಹೊರಗೆ ನೋಡುತ್ತ ಕೇಳಿದರು, "ಅಣೆಕಟ್ಟಿನ ಬಿಡಾರದಾಗ ದೊಡ್ಡ ದೊಡ್ಡ ಸೈನ್ಸ್ ಓದಿದವರು ಅದಾರಂತ. ಆ ನೊರಿ ಬಗ್ಗೆ ಯಾರಿಗರೆ ಕೇಳಿದ್ಯೇನು?"

"ಕೇಳಿದ್ನಿರಿ," ಎಂದೆ. "ಅವರಿಗೂ ತಿಳೀವಲ್ದಂತ."

"ಅವರಿಗೂ ತಿಳೀವಲ್ದಾ?" ಎಂದು ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ಆ ಎತ್ತು ಸತ್ತ ಮೇಲೆ ನಾನು ನೋಡದಿದ್ದ ಒಂದು ನಗು ನಕ್ಕರು.